ಕೊತ್ತಂಬರಿ ಬೀಜಕ್ಕೆ ಒಂದು ಪೂರ್ತಿ ಹಾಡು

ಪ್ರತಿಯೊಂದು ವೆಬ್‌ಸೈಟಿನಲ್ಲೂ ‘ನಮ್ಮ ಬಗ್ಗೆ’ ಎಂಬ ಪುಟವೊಂದು ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಆದರೆ ಅದು ಇಲ್ಲದಿದ್ದರೆ ಮಾಲೀಕರಿಗೆ ನಿದ್ದೆ ಬರುವುದಿಲ್ಲ. ಪದ್ಮನಾಭನಗರದ ನಮ್ಮ ಮನೆಯ ಹಾಲಿನ ಮೂಲೆಯಲ್ಲಿ ಕುಳಿತು ಊರವರ ವೆಬ್‌ಸೈಟುಗಳನ್ನು ಕಟ್ಟಿಕೊಡುವುದು ನನ್ನ ಕಸುಬು. ಈ ಪುಟಕ್ಕಾಗಿ ನಾನು ಇಲ್ಲಿಯವರೆಗೆ ಸೃಷ್ಟಿಸಿರುವ ಅಜ್ಜಿಯರನ್ನೆಲ್ಲ ಸೇರಿಸಿದರೆ ಒಂದು ಸಾಧಾರಣ ಕಲ್ಯಾಣಮಂಟಪ ತುಂಬೀತು. ಉಪ್ಪಿನಕಾಯಿ ಮಾರುವವರಿಗೆ ಅಜ್ಜಿ ಬೇಕು, ತಲೆಗೂದಲಿನ ಎಣ್ಣೆಯವರಿಗೆ ಅಜ್ಜಿ ಬೇಕು. ಜಯನಗರದ ದಂತವೈದ್ಯರೊಬ್ಬರು ಕೂಡ ತಮ್ಮ ಅಜ್ಜಿ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದ ವಿಷಯವನ್ನು ಸೇರಿಸಲೇಬೇಕೆಂದು ಹಟ ಹಿಡಿದಿದ್ದರು. ಆ ಅಜ್ಜಿಯ ಬಾಯಲ್ಲಿ ಕೊನೆಗೆ ಎಷ್ಟು ಹಲ್ಲು ಉಳಿದಿದ್ದವೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹೀಗೆ ಪರರ ಅಜ್ಜಿಯರಿಂದ ಬೇಸತ್ತಿದ್ದ ಕಾಲದಲ್ಲೇ ನನ್ನ ಅಮ್ಮನ ತಂಗಿ, ಶ್ರೀನಗರದ ಶಾಂತಾ ಚಿಕ್ಕಮ್ಮ, ಫೋನು ಮಾಡಿದಳು. ಅವಳು ಮನೆಯಲ್ಲೇ ಚಟ್ನಿಪುಡಿ, ಉಪ್ಪಿನಕಾಯಿ, ಸಾರಿನ ಪುಡಿ ಮಾಡಿ ಮಾರುತ್ತಾಳೆ.

“ನಮ್ದೂ ಒಂದು ವೆಬ್‌ಸೈಟ್ ಮಾಡ್ಕೊಡೋ ಪುಟ್ಟ. ಸಖತ್ತಾಗಿರ್ಬೇಕು. ಮೇಲ್ಗಡೆ ಅಜ್ಜಿ ಫೋಟೋ ಹಾಕ್ಬಿಡು.”

ನಲವತ್ತಾರು ವರ್ಷದ ಪುಟ್ಟ ಕೇಳಿದ: “ಅಜ್ಜಿಗೆ ಅಡುಗೆ ಬರ್ತಿತ್ತಾ ಚಿಕ್ಕಮ್ಮ?”

“ಅಜ್ಜಿ ಅಂದ್ಮೇಲೆ ಬರ್ತಿತ್ತು ಅಂತ ಜನ ಅವರಾಗೇ ಅನ್ಕೋತಾರೆ. ನೀನ್ಯಾಕೆ ಬಾಯ್ಬಿಡ್ತೀಯ?”

ನನಗೆ ನೆನಪಿರುವ ಅಜ್ಜಿ ರೇಡಿಯೋ ಪಕ್ಕದಲ್ಲಿ ಕುಳಿತು ನಶ್ಯ ಏರಿಸುತ್ತಾಳೆ. ಅದೂ ನೆನಪೋ, ಯಾವುದೋ ಫೋಟೋ ನೋಡಿ ನಾನೇ ಕಟ್ಟಿಕೊಂಡದ್ದೋ ಹೇಳಲಾರೆ. ಫೋಟೋದಲ್ಲಿ ರೇಡಿಯೋ ಇದೆ, ನಶ್ಯದ ಡಬ್ಬಿ ಇಲ್ಲ. ಅಂಥ ಅಜ್ಜಿಯ ಕೈಗೆ ಸೌಟು ಕೊಡಲು ಮನಸ್ಸಾಗಲಿಲ್ಲ. ಒಮ್ಮೆಯಾದರೂ ಪ್ರಾಮಾಣಿಕವಾದ ಪುಟವೊಂದನ್ನು ಬರೆಯೋಣವೆಂದು ನಿಶ್ಚಯಿಸಿದೆ. ಓದುಗರೇ, ಪ್ರಾಮಾಣಿಕನಾಗಲು ಹೊರಟವನಿಂದ ಆಗುವಷ್ಟು ಅನಾಹುತ ಸುಳ್ಳುಗಾರನಿಂದ ಆಗುವುದಿಲ್ಲ.

ಯಾಕೆಂದರೆ ಸಾರಿನ ಪುಡಿಯ ನಿಜವಾದ ಕತೆ ನನ್ನ ಮನೆಯಲ್ಲೇ ಇತ್ತು. ಚಿಕ್ಕಮ್ಮನ ಬೇರೆಲ್ಲ ಸರಕು ಅವಳದೇ. ಸಾರಿನ ಪುಡಿ ಮಾತ್ರ ನನ್ನ ಅಮ್ಮನ ಕೈಯದು. ಪ್ರತಿ ಗುರುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಅಮ್ಮ ಎಲ್ಲವನ್ನೂ ಹುರಿದು, ಆರಿಸಿ, ಸ್ಟೀಲಿನ ಡಬ್ಬಿಗೆ ತುಂಬಿ ಆಟೋದಲ್ಲಿ ಶ್ರೀನಗರಕ್ಕೆ ಕೊಂಡೊಯ್ಯುತ್ತಾಳೆ. ಅಲ್ಲಿ ಅದು ಪುಡಿಯಾಗಿ, ಪೊಟ್ಟಣವಾಗುತ್ತದೆ. ಮನೆಗೆಂದು ಒಂದು ಡಬ್ಬಿ ವಾಪಸು ಬರುತ್ತದೆ. ಹುರಿಯುವಾಗ ಅಮ್ಮ ಹಾಡುತ್ತಾಳೆ. ಶಿವನ ಮೇಲಿನ ಒಂದೇ ಒಂದು ಹಾಡು, ಯಾರು ಬರೆದದ್ದೋ ಅವಳಿಗೂ ಗೊತ್ತಿಲ್ಲ, ಮೋಹನ ರಾಗದಲ್ಲಿ. ಆ ಹಾಡೇ ಅವಳ ಗಡಿಯಾರ ಎಂದು ನಾವು ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದೇವೆ. ಕೊತ್ತಂಬರಿ ಬೀಜಕ್ಕೆ ಪೂರ್ತಿ ಹಾಡು, ಮೆಣಸಿನಕಾಯಿಗೆ ಒಂದು ಚರಣ, ಮೆಂತ್ಯಕ್ಕೆ ಪಲ್ಲವಿ ಎರಡು ಸಲ. ಬಂದ ನೆಂಟರಿಗೆಲ್ಲ ಇದನ್ನು ಹೇಳಿ ನಗಿಸಿದ್ದೇವೆ. ಇದಕ್ಕಿಂತ ಒಳ್ಳೆಯ ‘ನಮ್ಮ ಬಗ್ಗೆ’ ಯಾವ ಮಸಾಲೆ ಕಂಪನಿಗೆ ಸಿಕ್ಕೀತು? ಬರೆದುಬಿಟ್ಟೆ. ಜೊತೆಗೊಂದು ವಿಡಿಯೋ ಇರಲೆಂದು ಒಂದು ಗುರುವಾರ ಅಮ್ಮ ಹುರಿಯುತ್ತ ಹಾಡುವುದನ್ನು ಮೊದಲಿಂದ ಕೊನೆಯವರೆಗೆ ಚಿತ್ರೀಕರಿಸಿಕೊಂಡೆ.

ಆಗ ಮನೆಯಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಸಾರು ಕಹಿಯಾಗುತ್ತಿತ್ತು. ಕೆಲವು ತಿಂಗಳಿಂದ ಅಮ್ಮನ ಪುಡಿಯಲ್ಲಿ ಸೀದ ವಾಸನೆ. ನನ್ನ ಹೆಂಡತಿ ವಿನುತಾ ಸದ್ದಿಲ್ಲದೆ ಸಾರಿಗೆ ಬೆಲ್ಲ ಹೆಚ್ಚಿಸಿದಳು. ನಾನು ಸಾರನ್ನವನ್ನು ಅರ್ಧಕ್ಕೆ ನಿಲ್ಲಿಸಿ ಮೊಸರಿಗೆ ಹಾರುವುದನ್ನು ಕಲಿತೆ. ಎಪ್ಪತ್ತೆರಡು ವರ್ಷದ ತಾಯಿಗೆ ‘ನಿನ್ನ ಪುಡಿ ಸೀದಿದೆ’ ಎನ್ನುವುದು ಹೇಗೆ? ಗಿರಾಕಿಯ ವೆಬ್‌ಸೈಟಿನ ಕಡುನೇರಳೆ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರಗಳನ್ನು ಮುಖಕ್ಕೆ ಹೊಡೆದಂತೆ ಟೀಕಿಸುವ ನಾನು ಇಲ್ಲಿ ಬಾಯಿ ಮುಚ್ಚಿಕೊಂಡು ಕಹಿ ನುಂಗಿದೆ.

ವಿಡಿಯೋ ಕತ್ತರಿಸಲು ಕುಳಿತಾಗ ನನಗೆ ಜ್ಞಾನೋದಯವಾಯಿತು. ಪೂರ್ತಿ ಹಾಡಿನ ಉದ್ದ ನಾಲ್ಕು ನಿಮಿಷ ನಲವತ್ತು ಸೆಕೆಂಡು. ಇಷ್ಟುದ್ದ ಇರಲಿಲ್ಲವಲ್ಲ! ಶಾಲೆಗೆ ಹೊರಡುವಾಗ ಅಮ್ಮ ಹಾಡು ಶುರುಮಾಡಿದರೆ, ನಾನು ಎರಡು ಶೂಗಳ ಲೇಸು ಕಟ್ಟುವಷ್ಟರಲ್ಲಿ ಮುಗಿಯುತ್ತಿತ್ತು. ಲೇಸು ಕಟ್ಟಲು ಯಾರಿಗೆ ನಾಲ್ಕು ಮುಕ್ಕಾಲು ನಿಮಿಷ ಬೇಕು? ಅಂದರೆ ವಯಸ್ಸಿನೊಂದಿಗೆ ಹಾಡು ನಿಧಾನವಾಗಿದೆ, ಹಾಡು ಹಿಗ್ಗಿದಷ್ಟೂ ಬೀಜ ಬಾಣಲೆಯಲ್ಲಿ ಹೆಚ್ಚು ಹೊತ್ತು ಉಳಿದಿದೆ, ಆದ್ದರಿಂದ ಸೀಯುತ್ತಿದೆ. ಎಷ್ಟು ಸುಂದರವಾದ ದುಃಖ! ಕಣ್ಣು ಒದ್ದೆಯಾಯಿತು ಎಂದು ಬರೆಯಲು ಹೊರಟಿದ್ದೆ, ಇಲ್ಲ, ಆಗಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಬುದ್ಧಿವಂತಿಕೆಗೆ ನಾನೇ ಹಿಗ್ಗಿದೆ.

ಅದೇ ಮಧ್ಯಾಹ್ನ ಚಿಕ್ಕಮ್ಮನ ಫೋನು. “ಗಿರಾಕಿ ಒಬ್ರು ಪುಡಿ ಕಹಿ ಅಂತ ಮೆಸೇಜ್ ಹಾಕಿದಾರೆ ಕಣೋ. ಅಕ್ಕಂಗೆ ನಾನ್ ಹೆಂಗ್ ಹೇಳ್ಲಿ? ನೀನೇ ಹೇಳು.”

ನಾನು ಹೇಳಿದೆ, ಆದರೆ ಅಮ್ಮನಿಗಲ್ಲ, ಚಿಕ್ಕಮ್ಮನಿಗೆ. ಹಾಡಿನ ಸಿದ್ಧಾಂತವನ್ನು ಸವಿಸ್ತಾರವಾಗಿ ಮಂಡಿಸಿದೆ. ಆ ಕಡೆಯಿಂದ ಚಿಕ್ಕಮ್ಮ ಲೊಚಗುಟ್ಟಿದಳು.

“ಪಾಪ, ವಯಸ್ಸಾಯ್ತಲ್ಲ. ಬಿಡು, ಇನ್ಮೇಲೆ ನಾನೇ ಮೊಬೈಲಲ್ಲಿ ಟೈಮರ್ ಇಟ್ಕೊಂಡು ಹುರೀತೀನಿ. ಅಕ್ಕ ರೆಸ್ಟ್ ತಗೊಳ್ಳಿ ಅಂತ ಹೇಳು. ಹಾಡಿನ್ ವಿಷ್ಯ ಎತ್ಬೇಡ, ಬೇಜಾರ್ ಮಾಡ್ಕೋತಾಳೆ.”

ನಾನು ಹಾಗೇ ಮಾಡಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಚಿಕ್ಕಮ್ಮ ಇನ್ನು ತಾನೇ ಹುರಿದುಕೊಳ್ಳುತ್ತಾಳಂತೆ, ನಿನಗೆ ಆಯಾಸ ಬೇಡವಂತೆ ಎಂದೆ. ಅಮ್ಮ ತಲೆಯೆತ್ತಲಿಲ್ಲ.

“ಸರಿ ಬಿಡು.”

ಅಷ್ಟೇ. ಅವಳು ಅಷ್ಟು ಬೇಗ ಯಾವುದಕ್ಕೂ ‘ಸರಿ’ ಎಂದವಳಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಮನೆಯಲ್ಲಿ ಘಮವಿರಲಿಲ್ಲ, ಹಾಡಿರಲಿಲ್ಲ. ಶ್ರೀನಗರಕ್ಕೆ ಹೊರಡುವಾಗ ಉಡುವ ಸೀರೆಯನ್ನು ಅಮ್ಮ ಅಭ್ಯಾಸಬಲದಿಂದ ಉಟ್ಟುಬಿಟ್ಟಿದ್ದಳು. ಸೋಫಾದ ತುದಿಯಲ್ಲಿ ಕುಳಿತು, ಬಿಡಿಸಿ ಮುಗಿದಿದ್ದ ಸೊಪ್ಪಿನಲ್ಲಿ ಇನ್ನೂ ಏನನ್ನೋ ಹುಡುಕುತ್ತಿದ್ದಳು. ವಾರದಲ್ಲಿ ಅವಳು ಒಬ್ಬಳೇ ಮನೆಯಿಂದ ಹೊರಡುತ್ತಿದ್ದುದು ಆ ಒಂದು ದಿನ, ಅವಳ ಕೈಗಾಗಿ ಯಾರೋ ಕಾಯುತ್ತಿದ್ದುದೂ ಆ ಒಂದು ದಿನ ಎಂಬುದು ನನ್ನ ಸಿದ್ಧಾಂತದಲ್ಲಿ ಎಲ್ಲೂ ಬಂದಿರಲಿಲ್ಲ.

ವಿನುತಾ ನನ್ನನ್ನು ಬಾಲ್ಕನಿಗೆ ಎಳೆದಳು. ಅವಳು ಸಂಜೆ ಹೊತ್ತು ಬಡಾವಣೆಯ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ತಾಳ ತಪ್ಪಿದವರನ್ನು ಅವಳು ನೋಡುವ ನೋಟವೊಂದಿದೆ.

“ಅತ್ತೆಗೆ ಏನ್ ಹೇಳಿದ್ರಿ?”

ಸಿದ್ಧಾಂತವನ್ನು ಎರಡನೆಯ ಸಲ ಮಂಡಿಸಿದೆ. ಅವಳು ಪೂರ್ತಿ ಕೇಳಿ, ಮೊಬೈಲು ತಂದು, ಒಂದು ಧ್ವನಿಮುದ್ರಣ ಹಾಕಿದಳು. ಅದೇ ಹಾಡು, ಅಮ್ಮನ ಧ್ವನಿ, ಹಿನ್ನೆಲೆಯಲ್ಲಿ ಬೀಜ ಹುರಿಯುವ ಸದ್ದು. ಆರು ವರ್ಷದ ಹಿಂದೆ, ಮಕ್ಕಳಿಗೆ ಕಲಿಸಲೆಂದು ಅವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿಡಿದದ್ದು.

“ಉದ್ದ ನೋಡಿ.”

ನಾಲ್ಕು ನಿಮಿಷ ಮೂವತ್ತೆಂಟು ಸೆಕೆಂಡು.

“ಆರು ವರ್ಷಕ್ಕೆ ಎರಡು ಸೆಕೆಂಡು. ನನ್ ಸ್ಟೂಡೆಂಟ್ಸು ಒಂದೇ ಪಲ್ಲವಿಲಿ ಇದಕ್ಕಿಂತ ಜಾಸ್ತಿ ಓಡ್ತಾರೆ. ಅತ್ತೆ ಕಾಲಪ್ರಮಾಣ ಬಂಡೆ ಇದ್ದ ಹಾಗಿದೆ ರೀ. ಪುಡಿ ಸೀಯೋಕ್ ಶುರುವಾಗಿದ್ದು ಯಾವಾಗ ಅಂತ ಯೋಚ್ನೆ ಮಾಡಿದ್ರಾ?”

ಯೋಚನೆ ಮಾಡಿರಲಿಲ್ಲ. ಈಗ ಮಾಡಿದೆ. ಯುಗಾದಿಯ ಆಸುಪಾಸು. ಯುಗಾದಿಗೆ ನಾನು ಅಮ್ಮನಿಗೆಂದು ಇಂಡಕ್ಷನ್ ಒಲೆ ತಂದಿದ್ದೆ. ಉರಿ ಇಲ್ಲ, ಸೆರಗಿಗೆ ಬೆಂಕಿ ತಗುಲುವ ಭಯವಿಲ್ಲ. ಕಪ್ಪು ಗಾಜಿನ ನುಣುಪು ಮೈ, ಒಂದೂ ತಿರುಪು ಇಲ್ಲದ ವಿನ್ಯಾಸ. ನೋಡಿದ ತಕ್ಷಣ ಮನಸೋತಿದ್ದೆ. ಅಮ್ಮನ ಗುಂಡುತಳದ ಕಬ್ಬಿಣದ ಬಾಣಲೆ ಅದರ ಮೇಲೆ ಕೂರಲಿಲ್ಲವಾದ್ದರಿಂದ ಚಪ್ಪಟೆ ತಳದ ತೆಳುವಾದ ಬಾಣಲೆಯನ್ನೂ ತಂದು, ಹಳೆಯದನ್ನು ಅಟ್ಟಕ್ಕೆ ಹಾಕಿದ್ದೆ. ಮಿಕ್ಕ ಅಡುಗೆ ಗ್ಯಾಸಿನಲ್ಲೇ ನಡೆಯುತ್ತಿತ್ತು, ಹುರಿಯುವುದು ಮಾತ್ರ ಇದರಲ್ಲಿ ಎಂದು ನಾನೇ ಅಪ್ಪಣೆ ಕೊಟ್ಟಿದ್ದೆ. ಬಳಸುವವರನ್ನು ಕೇಳದೆ ವಿನ್ಯಾಸ ಮಾಡಬಾರದೆಂದು ಹೊಸಬರಿಗೆ ಉಪನ್ಯಾಸ ಕೊಡುವ ಮನುಷ್ಯ ನಾನು.

ಅಟ್ಟದಿಂದ ಬಾಣಲೆ ಇಳಿಸಿ, ಧೂಳು ಒರೆಸಿ, ಅಪರಾಧಿಯಂತೆ ಅದನ್ನು ಹಿಡಿದುಕೊಂಡು ಅಮ್ಮನ ಮುಂದೆ ನಿಂತೆ. ಎಲ್ಲ ಹೇಳಿದೆ: ಪುಡಿ ಸೀದದ್ದು, ಹಾಡು ನಿಧಾನವಾಗಿದೆ ಎಂದುಕೊಂಡದ್ದು, ಚಿಕ್ಕಮ್ಮನ ಕಿವಿಗೆ ಊದಿದ್ದು, ಲೇಸಿನ ಲೆಕ್ಕಾಚಾರ.

ಅಮ್ಮ ಮೊದಲು ನಕ್ಕಿದ್ದು ಲೇಸಿಗೆ. “ನೀನಾ? ಒಂದ್ ಶೂ ಹಾಕ್ಕೊಂಡು ಇನ್ನೊಂದನ್ನ ಕೈಲಿ ಹಿಡ್ಕೊಂಡು ಗೋಡೆ ನೋಡ್ತಾ ಕೂತಿರ್ತಿದ್ದೆ. ಕೊನೆಗೆ ನಾನೇ ಬಂದು ಕಟ್ತಿದ್ದೆ.”

ಅಲ್ಲಿಗೆ ನನ್ನ ಬಾಲ್ಯದ ಸಾಕ್ಷ್ಯವೂ ಬಿದ್ದುಹೋಯಿತು.

“ಆಮೇಲೆ ಇದ್ಯಾವ್ ಹುಚ್ಚೋ, ಹಾಡಿನ್ ಅಳತೆ? ಹಾಡು ನೋಡ್ಕೊಂಡು ಯಾರಾದ್ರೂ ಹುರೀತಾರಾ? ಮೂಗು ಯಾಕಿದೆ? ನಿಂತ್ಕೊಂಡು ಕೈಯಾಡ್ಸಿ ಬೇಜಾರಾಗುತ್ತೆ, ಅದಕ್ಕೆ ಹಾಡ್ತೀನಿ. ನೀವ್ ನೆಂಟರ್ ಮುಂದೆ ಹೇಳ್ಕೊಂಡು ನಗ್ತಿದ್ರಿ, ನಗ್ಲಿ ಬಿಡು ಅಂತ ಸುಮ್ನಿದ್ದೆ.”

“ಹಾಗಾದ್ರೆ ಸೀದಿದ್ದು ಗೊತ್ತಾಗ್ಲಿಲ್ವಾ?”

“ಗೊತ್ತಾಗ್ದೇ ಏನು? ಆ ನಿನ್ ಒಲೇಲಿ ಘಮ ಬರೋ ಹೊತ್ತಿಗೆ ತಳ ಹತ್ತಿರುತ್ತೆ.”

“ಹೇಳ್ಬಾರ್ದಾಗಿತ್ತಾ ಅಮ್ಮ?”

“ಅಷ್ಟ್ ಆಸೆ ಪಟ್ಟು ತಂದಿದ್ದೆ. ಹೆಂಗ್ ಹೇಳೋದು?” ಎಂದು ಅವಳು ನನ್ನ ಕೈಯಿಂದ ಬಾಣಲೆ ಇಸಿದುಕೊಂಡಳು. “ನೀವೂ ಬಾಯ್ಮುಚ್ಕೊಂಡು ತಿಂತಿದ್ರಿ. ಇವರಿಗೆ ನಾಲಗೆ ಸತ್ತಿದ್ಯೇನೋ ಅನ್ಕೊಂಡೆ.”

ಎಂಥ ಸುಸಂಸ್ಕೃತ ಮನೆ ನಮ್ಮದು! ಮಗನ ಒಲೆಗೆ ನೋವಾಗಬಾರದೆಂದು ತಾಯಿ ಸೀಯಿಸುತ್ತಾಳೆ, ತಾಯಿಯ ಪುಡಿಗೆ ನೋವಾಗಬಾರದೆಂದು ಮಗ ಸೀದದ್ದನ್ನು ಉಣ್ಣುತ್ತಾನೆ, ಇಬ್ಬರ ಮೇಲೂ ಸೊಸೆ ಬೆಲ್ಲ ಸುರಿಯುತ್ತಾಳೆ. ನಮ್ಮೆಲ್ಲರ ಸೌಜನ್ಯವನ್ನು ಶ್ರೀನಗರದ ಗಿರಾಕಿಗಳು ಪೊಟ್ಟಣದಲ್ಲಿ ಕೊಂಡೊಯ್ಯುತ್ತಾರೆ.

ಆ ಕೂಡಲೇ ಚಿಕ್ಕಮ್ಮನಿಗೆ ಫೋನು ಮಾಡಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ಅವಳ ಟೈಮರಿನ ಬೀಜ ಕೂಡ ಅರ್ಧ ಕಪ್ಪಾಗಿತ್ತಂತೆ, ದನಿಯಲ್ಲಿ ಅಂಥ ಬಿಂಕವಿರಲಿಲ್ಲ. “ಅಕ್ಕನ್ನೇ ಕಳ್ಸು ಮಾರಾಯ,” ಎಂದಳು. ಅಮ್ಮ ಫೋನು ಕಿತ್ತುಕೊಂಡು, “ಕಳ್ಸು ಅಂದ್ರೆ ಬರೋಕೆ ನಾನೇನು ಪಾರ್ಸೆಲ್ಲಾ? ಮೊದ್ಲು ಮನೇಲಿ ಹುರಿದು ನೋಡ್ತೀನಿ. ಸರಿ ಬಂದ್ರೆ ಬರ್ತೀನಿ, ಇಲ್ಲಾಂದ್ರೆ ಇಲ್ಲ,” ಎಂದು ಇಟ್ಟಳು. ಸರಿ ಬರದಿದ್ದರೆ, ಒಲೆಯ ತಪ್ಪನ್ನು ಮತ್ತೆ ಅವಳ ವಯಸ್ಸಿನ ತಲೆಗೆ ಕಟ್ಟಿದಂತಾಗುತ್ತದೆ. ಆಮೇಲೆ ಅವಳು ಹುರಿಯುವುದಿಲ್ಲ.

ಮಾರನೆಯ ಬೆಳಿಗ್ಗೆ ಕಬ್ಬಿಣದ ಬಾಣಲೆ ಗ್ಯಾಸಿನ ಮೇಲೆ ಏರಿತು. ನಾನು ಬಾಗಿಲಲ್ಲಿ ನಿಂತೆ. ಅಮ್ಮ ಪಲ್ಲವಿ ಎತ್ತಿಕೊಂಡಳು, ಎರಡು ಸಾಲಿಗೆ ನಿಲ್ಲಿಸಿದಳು.

“ಈಗ ಹಾಡೋಕ್ ಹೋದ್ರೆ ಸೆಕೆಂಡೇ ಕೇಳ್ಸುತ್ತೆ. ಹೋಗೋ ಆಚೆ.”

ಹೋದೆ. ಹಾಲಿನಲ್ಲಿ ಕುಳಿತು ‘ನಮ್ಮ ಬಗ್ಗೆ’ ಪುಟವನ್ನು ತೆರೆದು, ಹಾಡಿನ ಗಡಿಯಾರದ ಕತೆಯನ್ನೆಲ್ಲ ಅಳಿಸಿದೆ. ವಿಡಿಯೋ ಕೂಡ ತೆಗೆದೆ. ಅಳಿಸಿದ ಮೇಲೆ ಏನು ಬರೆಯಬೇಕೆಂದು ತೋಚಲಿಲ್ಲ. ಅಡುಗೆಮನೆಯಿಂದ ಸೌಟಿನ ಸದ್ದು ಮಾತ್ರ ಬರುತ್ತಿತ್ತು. ‘ಹುರಿಯುವವರು: ನನ್ನ ಅಮ್ಮ, ಪಾರ್ವತಮ್ಮ’ ಎಂದು ಒಂದು ಸಾಲು ಹಾಕಿ ಬಿಟ್ಟೆ. ಕೆಳಗೆ ಬಿಳಿ ಜಾಗ ಬೇಕಾದಷ್ಟು ಉಳಿಯಿತು. ಇರಲಿ ಎನ್ನಿಸಿತು.

ಆ ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತೆವು. ಮಿಕ್ಸಿಯಲ್ಲಿ ಆಗತಾನೆ ಮಾಡಿದ ಪುಡಿ ಹಾಕಿ ಕುದಿಸಿದ ಸಾರು. ಅಮ್ಮ ಬಡಿಸಿ, ತನ್ನ ತಟ್ಟೆ ಮುಟ್ಟದೆ, ನಮ್ಮ ಬಾಯಿಗಳನ್ನು ನೋಡುತ್ತ ಕುಳಿತಳು. ಮೊದಲ ತುತ್ತು. ಸೀದಿಲ್ಲ, ಕಹಿಯಿಲ್ಲ. ಎರಡನೆಯ ತುತ್ತಿಗೆ ಗೊತ್ತಾಯಿತು: ಸೀದೀತೆಂಬ ಭಯಕ್ಕೆ ಬೇಗ ಇಳಿಸಿದ್ದಾಳೆ. ವಿನುತಾಳ ಕೈ ಬೆಲ್ಲದ ಡಬ್ಬಿಯ ಕಡೆ ಹೊರಟಿತ್ತು, ನನ್ನ ಮೊಣಕೈ ಮೊಸರಿನ ಪಾತ್ರೆಯ ಪಕ್ಕದಲ್ಲೇ ಇತ್ತು.

“ಅಮ್ಮ,” ಎಂದೆ. “ಹಸಿ ವಾಸನೆ.”

ವಿನುತಾಳ ಕೈ ನಿಂತಿತು. ಅಮ್ಮ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, ನಿಧಾನವಾಗಿ ಚಪ್ಪರಿಸಿದಳು.

“ಹೂಂ. ಕೊತ್ತಂಬರಿ ಬೀಜ ಹಸಿ ಉಳಿದಿದೆ,” ಎಂದಳು. ಅವಳ ಮುಖ ಸಣ್ಣದಾಗಲಿಲ್ಲ. ನನ್ನನ್ನು ನೇರವಾಗಿ ನೋಡಿ ಗದರಿದಳು. “ಸಾಯಂಕಾಲ ಇನ್ನೊಂದ್ ಸಲ ಹುರೀತೀನಿ. ನೀನು ಬಾಗ್ಲಲ್ಲಿ ಕಾವಲು ನಿಲ್ಬೇಡ. ಹುರಿದಾದ್ಮೇಲೆ ಕರೀತೀನಿ, ಬಂದು ತಿಂದು ಹೇಳು. ಬಾಯ್ಬಿಟ್ಟು ಹೇಳು.”