ಎಡವಿದ್ದನ್ನೂ ಬರೆದಿಟ್ಟ ಮೇಡಂ

ಇತ್ತೀಚೆಗೆ ಶಿರಾದ ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗದ ಹಳೆಯ ಬೀರು ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ನೆನಪಾದವರು ನಮ್ಮ ಹಿರಿಯ ಮೇಡಂ…

ನಾನು ಅತಿಥಿ ಉಪನ್ಯಾಸಕನಾಗಿ ಸೇರಿದಾಗ ಅವರು ಬುಕ್ಕಾಪಟ್ಟಣದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಕಲಿಸುವ ಒಂದೊಂದು ಪತ್ರಿಕೆಗೂ ಒಂದೊಂದು ಫೈಲು ಇಟ್ಟಿದ್ದರು. ಏನು ಪಾಠ ಮಾಡಿದೆ, ಯಾಕೆ ಹಾಗೆ ಮಾಡಿದೆ, ಮಕ್ಕಳು ಏನು ಬರೆದರು, ತಾನೆಲ್ಲಿ ಎಡವಿದೆ, ಎಲ್ಲವೂ ಅದರಲ್ಲಿ. ತಿಂಗಳಿಗೊಂದು ಶನಿವಾರ ಮಧುಗಿರಿ, ಕೊರಟಗೆರೆ, ಪಾವಗಡದ ಅಧ್ಯಾಪಕರೂ ತಂತಮ್ಮ ಫೈಲು ತಂದು, ಒಬ್ಬರದನ್ನು ಇನ್ನೊಬ್ಬರು ಓದುತ್ತಿದ್ದರು. ಆ ಕೂಟ ಕಟ್ಟಿದವರೂ ಅವರೇ.

ನನ್ನ ಫೈಲನ್ನು ಮೊದಲ ಸಲ ತಿರುವಿ ಹಾಕಿ ಕೇಳಿದರು: "ಇದ್ರಾಗೆ ಚೆನ್ನಾಗಿ ಬರ್ದಿರೋರೇ ಇದಾರಲ್ಲಪ್ಪ. ಫೇಲಾದೋರು ಎಲ್ಲೋದ್ರು?"

ನಾಚಿಕೆಯಾಯಿತು. ಅವರ ಫೈಲಿನಲ್ಲಿ ಹೀಗಿತ್ತು: "ಕಡಲೆಬೀಜ ತೂಗಿಸಿ, ತೂಕದಿಂದಲೇ ಕಣಗಳನ್ನು ಎಣಿಸುವ ಮೋಲ್ ಕಲಿಸಿದೆ. ಅರ್ಧ ತರಗತಿಯ ತಲೆಗೆ ಹತ್ತಲಿಲ್ಲ. ಬೀಜಗಳೆಲ್ಲ ಒಂದೇ ತೂಕದವಲ್ಲ. ತಪ್ಪು ನನ್ನದೇ." ಅದರ ಕೆಳಗೆ ಕೊರಟಗೆರೆಯ ಅಧ್ಯಾಪಕರೊಬ್ಬರು ಬರೆದಿದ್ದರು: "ಒಂದೇ ಅಳತೆಯ ಶರಟಿನ ಗುಂಡಿ ಬಳಸಿದೆ. ಹತ್ತಿತು."

ನಾನೂ ಗುಂಡಿ ತಂದೆ. ಎಣಿಸದೆ, ಬರೀ ತೂಕದಿಂದಲೇ ಎಷ್ಟು ಗುಂಡಿಗಳಿವೆಯೆಂದು ಲೆಕ್ಕ ಹಾಕಿದ ಮೇಲೆ, ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿಬಿಡದಿದ್ದ ರಾಯಚರ್ಲು ಹಳ್ಳಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ಮೋಲೂ ಇಂಗೇನಾ? ಇಷ್ಟೇನಾ?"

ಮರುವರ್ಷ ತಪಾಸಣೆಗೆ ಬಂದವರೊಬ್ಬರ ಕೈಗೆ ಮೇಡಂ ಬರೆದ ಆ ಕಡಲೆಬೀಜದ ಹಾಳೆಯೇ ಸಿಕ್ಕಿತು. "ತಮಗೆ ಕಲಿಸೋಕೆ ಬರಲ್ಲ ಅಂತ ಇವರೇ ಬರ್ಕೊಂಡಿದಾರಲ್ರೀ!" ಎಂದು ಎಲ್ಲರೆದುರು ನಕ್ಕರು. ಪ್ರಾಂಶುಪಾಲರು ತಲೆ ತಗ್ಗಿಸಿದರು. ಮೇಡಂ ನನ್ನತ್ತ ನೋಡಿದರು. ಆ ಹಾಳೆಯಿಂದಲೇ ನನ್ನ ಮಕ್ಕಳು ಕಲಿತರೆಂದು ನಾನು ಹೇಳಬಹುದಿತ್ತು. ಮುಂದಿನ ವರ್ಷ ಕೆಲಸ ಸಿಗುವುದೋ ಇಲ್ಲವೋ ಎಂಬ ಭಯ… ಸುಮ್ಮನೆ ಕುಳಿತೆ.

ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ ಕ್ಷಮೆ ಕೇಳಿದೆ. "ಹೋಗ್ಲಿ ಬುಡಪ್ಪ, ನಿಂದೂ ಹೊಟ್ಟೆಪಾಡು," ಎಂದರು. ಆದರೆ ಮುಂದಿನ ತಿಂಗಳ ಶನಿವಾರದ ಕೂಟಕ್ಕೆ ಅವರು ಯಾರನ್ನೂ ಕರೆಯಲಿಲ್ಲ. ನಿವೃತ್ತರಾಗುವವರೆಗೆ ಅವರ ಫೈಲಿಗೆ ಒಂದು ಹಾಳೆಯೂ ಸೇರಲಿಲ್ಲ.

ಹೋದ ವರ್ಷ ತೀರಿಕೊಂಡರು. ನನ್ನ ಕೆಲಸ ಈಗ ಕಾಯಂ. ಮೊನ್ನೆ ಆ ಕೂಟವನ್ನು ಮತ್ತೆ ಕರೆದೆ. ಪಾವಗಡದಿಂದ ಇಬ್ಬರು, ಮಧುಗಿರಿಯಿಂದ ಒಬ್ಬರು ಬಂದರು. ನನ್ನ ಫೈಲಿನ ಮೊದಲ ಹಾಳೆಯಲ್ಲಿ ತಪಾಸಣೆಯ ಆ ದಿನವನ್ನೂ ನಾನು ಬಾಯಿಬಿಡದೆ ಕುಳಿತದ್ದನ್ನೂ ಬರೆದಿದ್ದೆ.

ಪಾವಗಡದ ಹೊಸ ಅಧ್ಯಾಪಕಿ ಅದನ್ನು ಎರಡು ಸಲ ಓದಿ, "ಇದರ ಕೆಳಗೆ ನಾವೇನು ಬರೆಯೋದು ಸರ್?" ಎಂದು ಕೇಳಿದರು.

"ಏನೂ ಬೇಡ ಕಣಮ್ಮ. ಬರೀಬೇಕಾಗಿದ್ದೋರು ಈಗಿಲ್ಲ," ಎಂದು ಮುಂದಿನ ಹಾಳೆ ತಿರುವಿದೆ.