ಬಣ್ಣ ನೋಡಿ ತಂದ ಕೂಲಂಟ್

ಹೋದ ತಿಂಗಳು ಮಗಳ ಕಾರಿನಲ್ಲಿ ಭದ್ರಾವತಿಗೆ ಹೊರಟಿದ್ದಾಗ ಏಸಿಯಿಂದ ಒಂದು ಸಿಹಿ ವಾಸನೆ ಬಂತು. ಬೆಲ್ಲದ ಪಾಕ ತಳ ಹಿಡಿಯುವ ಮುಂಚೆ ಬರುತ್ತದಲ್ಲ, ಅಂಥದ್ದು. ಹತ್ತಿರದಲ್ಲಿ ಆಲೆಮನೆ ಇರಬೇಕು ಅಂದಳು ಮಗಳು. "ಗಾಡಿ ನಿಲ್ಸು, ಕೂಲಂಟ್ ಸೋರ್ತಿದೆ" ಅಂದೆ. ಬಾಯಿಂದ ಬಂದ ಆ ಮಾತು ನನ್ನದಾಗಿರಲಿಲ್ಲ, ನನ್ನ ಓರಗಿತ್ತಿಯದು...

ಅವಳು ನನ್ನ ಮೈದುನನ ಹೆಂಡತಿ. ರಾಗಿಗುಡ್ಡದ ನಮ್ಮ ಮನೆಗೆ ನನಗಿಂತ ಎಷ್ಟೋ ವರ್ಷಗಳ ಮೇಲೆ ಬಂದವಳು. ಅವಳ ಅಪ್ಪ ಭದ್ರಾವತಿಯಲ್ಲಿ ಟ್ಯಾಕ್ಸಿ ಇಟ್ಟಿದ್ದರು. ಗಾಡಿಯ ವಿದ್ಯೆ ಅವಳಿಗೆ ತವರಿನ ಬಳುವಳಿ. ಬಂದ ವರ್ಷದೊಳಗೇ ಅತ್ತೆಯವರು ದೇವಸ್ಥಾನಕ್ಕೆ ಹೋಗಬೇಕೆಂದರೂ ಅವಳನ್ನೇ ಕರೆಯತೊಡಗಿದರು. ನನ್ನ ಸಾರು ಉಂಡು ಅವಳ ಡ್ರೈವಿಂಗ್ ಹೊಗಳುತ್ತಿದ್ದರು. ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಎಲ್ಲರೂ ಅವಳ ತವರಿಗೆ ಊಟಕ್ಕೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದುದು ನಮ್ಮವರು. ಮಾಚೇನಹಳ್ಳಿ ಹತ್ತಿರ ಇಂಜಿನ್ ಕಾದು ಬಾನೆಟ್ಟಿನಿಂದ ಹಬೆ ಎದ್ದಿತು. ನಮ್ಮವರು ಇಳಿದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ್ದೇ ತಡ, ಅವಳು ಹಿಂದಿನ ಸೀಟಿನಿಂದ ಓಡಿಬಂದು ಅವರ ಮಣಿಕಟ್ಟು ಹಿಡಿದೆಳೆದಳು.

"ಭಾವ, ಬಿಸಿ ಇದ್ದಾಗ ತೆಗೀಬೇಡಿ! ಮುಖಕ್ಕೇ ಹಾರುತ್ತೆ!"

ಸದ್ಯ ಮುಖ ಉಳಿಯಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ನಾನು ಮಾತ್ರ ಆ ಮಣಿಕಟ್ಟಿನ ಮೇಲಿದ್ದ ಅವಳ ಕೈಯನ್ನೇ ನೋಡುತ್ತಿದ್ದೆ.

ನಮ್ಮವರು ಅಷ್ಟು ದಿನವೂ ರೇಡಿಯೇಟರಿಗೆ ಬೋರ್‌ವೆಲ್ ನೀರನ್ನೇ ಸುರಿಯುತ್ತಿದ್ದರಂತೆ. "ಸ್ನಾನದ ಹಂಡೆಗೆ ಹೆಂಗೆ ಉಪ್ಪು ಕಟ್ಟುತ್ತೆ ನೋಡಿಲ್ವಾ ಭಾವ? ಇಂಜಿನ್ ಒಳಗೂ ಹಂಗೇ" ಎಂದಳು.

ಮರುದಿನ ನಮ್ಮವರು ನೀರಿನ ಬದಲು ಹಾಕಲು, ಇಂಜಿನ್ ತಂಪಾಗಿಡುವ ಕೆಂಪು ಕೂಲಂಟಿನ ಡಬ್ಬಿ ತಂದರು. ಬೆಲೆ ಜಾಸ್ತಿ, ಆದ್ದರಿಂದ ಒಳ್ಳೆಯದೇ ಇರಬೇಕೆಂದು. ಅವಳು ಡಬ್ಬಿಯ ಹಿಂಬದಿ ಓದಿ, ಕಾರಿನ ಜೊತೆ ಬಂದಿದ್ದ ಪುಸ್ತಕ ತೆರೆದಳು.

"ಬಣ್ಣ ನೋಡಿ ತರಬಾರದು ಭಾವ. ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತೆ. ನಮ್ಮ ಗಾಡಿಗೆ ಯಾವ ಜಾತಿದು ಅಂತ ಇದರಲ್ಲಿ ಬರೆದಿದಾರೆ, ಅದೇ ಬೇಕು. ಮೊದಲು ಕಂಪನಿಯೋರು ಹಾಕಿದ್ದು ಒಳಗೆ ಅಷ್ಟೋ ಇಷ್ಟೋ ಉಳಿದಿರುತ್ತೆ. ಬೇರೆ ಜಾತಿ ಬೆರೆತ್ರೆ ಗಸಿ ಕಟ್ಟಬಹುದು."

ನಮ್ಮವರು ಆ ಬಿಸಿಲಲ್ಲಿ ಸ್ಕೂಟರ್ ಹತ್ತಿ, ಬದಲಾಯಿಸಿಕೊಂಡು ಬರಲು ಹೋದರು. ಆ ವರ್ಷದ ಯುಗಾದಿಗೆ ನಾನು ಬದನೆ ಬಣ್ಣದ ಸೀರೆ ಕೇಳಿದ್ದೆ, ತಂದದ್ದು ಹಳದಿ. ಬದಲಾಯಿಸಿ ಎಂದರೆ, "ಇರ್ಲಿ ಬಿಡೇ ಮಾರಾಯ್ತಿ, ಯಾವುದಾದ್ರೇನು" ಅಂದಿದ್ದರು. ಆ ಹಳದಿ ಸೀರೆಯನ್ನೇ ಉಟ್ಟು ಬಾಗಿಲಲ್ಲಿ ನಿಂತಿದ್ದೆ ನಾನು.

ಅವಳಿಗೆ ನನ್ನ ಮನಸ್ಸು ತಿಳಿದಿತ್ತೋ ಏನೋ... "ಅಕ್ಕ, ಬನ್ನಿ, ನೀವೇ ಹಾಕಿ, ತೋರಿಸ್ತೀನಿ" ಎಂದು ಕರೆದಳು.

"ನಂಗೆ ಒಲೆ ಸಾಕು" ಎಂದು ಒಳಗೆ ಹೋದೆ. ಆದರೆ ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡಿದೆ. ಹಳೆಯ ನೀರು ಬಸಿದದ್ದು, ಡಿಸ್ಟಿಲ್ಡ್ ವಾಟರ್ ಬೆರೆಸಿದ್ದು, ಇಂಜಿನ್ ಪಕ್ಕದ ಡಬ್ಬಿಯ ಗೆರೆ ಮುಟ್ಟುವಷ್ಟೇ ಸುರಿದದ್ದು...

ಕೆಲವು ವರ್ಷಗಳ ಹಿಂದೆ ಅವಳಿಗೆ ಕಾಯಿಲೆ ಬಂತು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಹೋಗಿಬಿಟ್ಟಳು. ನಮ್ಮವರು ಹಿತ್ತಲಲ್ಲಿ ನಿಂತು ಮಗುವಿನಂತೆ ಅತ್ತರು. ನನಗೂ ಅಳು ಉಕ್ಕಿ ಬಂತು. ಆ ಅಳುವಿನ ನಡುವೆಯೂ ಅವರ ಮುಖವನ್ನೇ ನೋಡುತ್ತಿದ್ದೆ: ನಾನು ಹೋದರೆ ಇಷ್ಟು ಅಳುತ್ತಾರೆಯೇ?

ಹೋದ ತಿಂಗಳ ಆ ದಿನ ದಾರಿಯಲ್ಲಿ ಸೋರುತ್ತಿದ್ದ ಪೈಪ್ ಬದಲಾಯಿಸಿದ ಮೆಕ್ಯಾನಿಕ್, ಯಾವ ಕೂಲಂಟ್ ಹಾಕಲಿ ಎಂದ. ಕಾರಿನ ಪುಸ್ತಕ ತೆಗೆಸಿ ಬೆರಳಿಟ್ಟು ತೋರಿಸಿದೆ.

"ಅಮ್ಮ, ನಿಂಗೆ ಇದೆಲ್ಲ ಹೆಂಗೆ ಗೊತ್ತು?"

"ನಿನ್ನ ಚಿಕ್ಕಮ್ಮ."

ಮಗಳ ಮುಖ ಅರಳಿತು. "ಚಿಕ್ಕಮ್ಮ ಇದ್ದಿದ್ರೆ ಇಷ್ಟೊತ್ತಿಗೆ ನಾವು ಭದ್ರಾವತೀಲಿ ಇರ್ತಿದ್ವಿ" ಎಂದಳು. ಸತ್ತವಳ ಮೇಲೂ ಹೊಟ್ಟೆಕಿಚ್ಚು!

ನಾವು ಹೊರಟಿದ್ದುದು ಅವಳ ತಾಯಿಯನ್ನು ನೋಡಲು. ಕಾರಿನ ಸದ್ದು ಕೇಳಿ ಹೊರಗೆ ಬಂದ ಆ ಮುದುಕಿ, ಮೊದಲು ತಮ್ಮ ಮಗಳು ಕೂತು ಬರುತ್ತಿದ್ದ ಸ್ಟೇರಿಂಗ್ ಕಡೆಯ ಕಿಟಕಿಗೆ ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ಬಂದರು. ನಾನೂ ದಾರಿಯುದ್ದಕ್ಕೂ ಅತ್ತಲೇ ನೋಡುತ್ತಾ ಬಂದಿದ್ದೆ.