ಕಲ್ಲಾನೆ ಇಳಿದ ಬೇಸಿಗೆ

ಅಜ್ಜಂಪುರದಲ್ಲಿ ಮಧ್ಯಾಹ್ನ ಹೋದ ಕರೆಂಟು ಸಂಜೆಯಾದರೂ ಬಾರದಿದ್ದ ಕಾಲ ಅದು. ದೊಡ್ಡವರು ಬೀಸಣಿಗೆ ಹಿಡಿದು ಇಲಾಖೆಯನ್ನು ಬೈಯುತ್ತಿದ್ದರೆ ನಾವು ಮಕ್ಕಳು ಒಳಗೊಳಗೇ ಖುಷಿಪಡುತ್ತಿದ್ದೆವು. ಕರೆಂಟು ಹೋದರೆ ನಮ್ಮ ಬೀದಿಯ ಹಿಟ್ಟಿನ ಗಿರಣಿ ನಿಲ್ಲುತ್ತಿತ್ತು. ಗಿರಣಿ ನಿಂತರೆ ಅದರ ಮುಂದಿನ ಉದ್ದನೆಯ ಕಲ್ಲಿನ ಜಗಲಿ ನಮ್ಮದಾಗುತ್ತಿತ್ತು. ಸುಡುವ ಬಿಸಿಲಿನಲ್ಲೂ ತಣ್ಣಗಿರುತ್ತಿದ್ದ ಆ ಕಲ್ಲಿನ ಮೇಲೆ ಕೂತರೆ ಲಂಗಕ್ಕೆ, ಚಡ್ಡಿಗೆ ರಾಗಿಹಿಟ್ಟು ಮೆತ್ತಿಕೊಳ್ಳುತ್ತಿತ್ತು. ಒಳಗಿಂದ ಮೆಣಸಿನಪುಡಿಯ ಘಾಟು ಬಂದು ಆಗಾಗ ಎಲ್ಲರೂ ಒಟ್ಟಿಗೆ ಸೀನುತ್ತಿದ್ದೆವು.

ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಊರಿಗೆಲ್ಲ ಕಾರ್ಡಿನ ಹುಚ್ಚು ಹಿಡಿದಿತ್ತು. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ನೇತುಹಾಕಿರುತ್ತಿದ್ದ ಕುರುಕಲು ತಿಂಡಿಯ ಪೊಟ್ಟಣದೊಳಗೆ ಒಂದೊಂದು ಕಾರ್ಡು ಇರುತ್ತಿತ್ತು. ಬೆರಳಿಗೆ ಹತ್ತಿದ ಕೆಂಪು ಮಸಾಲೆಯನ್ನು ನೆಕ್ಕಿಕೊಂಡು, ಕಾರ್ಡನ್ನು ಬಟ್ಟೆಗೆ ಒರೆಸಿ, ಚಿತ್ರ ನೋಡುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದೆವು. ಎಷ್ಟು ಒರೆಸಿದರೂ ಮಸಾಲೆಯ ವಾಸನೆ ಹೋಗುತ್ತಿರಲಿಲ್ಲ. ರಾತ್ರಿ ತಲೆದಿಂಬಿನ ಕೆಳಗೆ ಇಟ್ಟುಕೊಂಡರೆ ಬೆಳಿಗ್ಗೆ ಇರುವೆ ಸಾಲು ಹಾಜರಿರುತ್ತಿತ್ತು.

ಆಟ ಹೀಗಿತ್ತು. ಇಬ್ಬರು ಎದುರುಬದುರು ಕೂರಬೇಕು. ಇಬ್ಬರ ಹತ್ತಿರವೂ ಒಂದೊಂದು ಕಾರ್ಡಿನ ಕಟ್ಟು, ಜೀವ ಎಂದು ಹತ್ತು ಹುಣಸೆಬೀಜ. ಸರದಿ ಬಂದಾಗ ಕಟ್ಟಿನಿಂದ ಒಂದು ಕಾರ್ಡು ಎಳೆದುಕೊಳ್ಳಬೇಕು. ತೋಳ, ಹದ್ದು, ಹಾವು ಹೀಗೆ ಕಾದಾಡುವ ಪ್ರಾಣಿಗಳ ಕಾರ್ಡುಗಳಿದ್ದವು. ಒಂದೊಂದರ ಮೂಲೆಯಲ್ಲೂ ಒಂದು ಅಂಕಿ. ಆ ಅಂಕಿಯಷ್ಟು ನೀರಿನ ಕಾರ್ಡುಗಳು ಮೊದಲೇ ನಿಮ್ಮ ಮುಂದೆ ನೆಲದ ಮೇಲಿದ್ದರೆ ಮಾತ್ರ ಆ ಪ್ರಾಣಿಯನ್ನು ಇಳಿಸಬಹುದಿತ್ತು. ನೀರಿನ ಕಾರ್ಡನ್ನಾದರೂ ಸರದಿಗೆ ಒಂದೇ ಇಳಿಸಬೇಕು. ಇಳಿದ ಪ್ರಾಣಿ ಎದುರಿನವರನ್ನು ಹೊಡೆದರೆ ಅವರ ಬೀಜ ಹೋಗುತ್ತಿತ್ತು. ಬೀಜ ಮುಗಿದವರು ಸೋತಂತೆ.

ನೀಲಿ ಅಲೆಯ ಚಿತ್ರವಿದ್ದ ಆ ನೀರಿನ ಕಾರ್ಡು ಎಂದರೆ ಎಲ್ಲರಿಗೂ ತಾತ್ಸಾರ. ಮೂರು ಪೊಟ್ಟಣ ಕೊಂಡರೆ ಎರಡರಲ್ಲಿ ಅದೇ ಬರುತ್ತಿತ್ತು. ಹುಡುಗರು ಅದನ್ನು ಸೈಕಲ್ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿಸಿ ಪಟಪಟ ಸದ್ದು ಮಾಡಿಕೊಂಡು ಓಡಾಡುತ್ತಿದ್ದರು.

ನನ್ನ ತಮ್ಮ ಪಚ್ಚಿ ಆಗ ಮೂರನೇ ಕ್ಲಾಸು. ಅಪ್ಪನ ಜೊತೆ ಪಂಚನಹಳ್ಳಿಗೆ ತೆಂಗಿನಕಾಯಿ ವ್ಯಾಪಾರಕ್ಕೆ ಹೋಗಿದ್ದಾಗ, ವಾಪಸ್ ಬಸ್ಸಿಗೆ ಕಾಯುತ್ತಾ ಅಪ್ಪ ಕೊಡಿಸಿದ ಪೊಟ್ಟಣದಲ್ಲಿ ಅವನಿಗೆ ಬಂಗಾರದ ಹೊಳಪಿನ ಕಾರ್ಡೊಂದು ಸಿಕ್ಕಿತ್ತು. ರೆಕ್ಕೆ ಬಿಚ್ಚಿ ಬೆಂಕಿ ಉಗುಳುವ ಪ್ರಾಣಿ. ಇಂಗ್ಲಿಷಿನಲ್ಲಿ ಏನೋ ಉದ್ದ ಹೆಸರಿತ್ತು. ಅಜ್ಜಿ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇದೇನ್ಲಾ, ಓತಿಕ್ಯಾತಕ್ಕೆ ರೆಕ್ಕೆ ಬಂದೈತೆ" ಅಂದಳು. ಅಂದಿನಿಂದ ಅದು ಊರಿಗೆಲ್ಲ ಓತಿಕ್ಯಾತವೇ ಆಯಿತು. ಅಂಥದ್ದು ಅಜ್ಜಂಪುರದಲ್ಲಿ ಇನ್ಯಾರ ಹತ್ತಿರವೂ ಇರಲಿಲ್ಲ. ಪಚ್ಚಿ ಸ್ನಾನಕ್ಕೆ ಹೋಗುವಾಗಲೂ ಅದನ್ನು ಬಚ್ಚಲ ಗೂಡಿನಲ್ಲಿ ಇಟ್ಟುಕೊಂಡು ಹೋಗುತ್ತಿದ್ದ.

ಗಿರಣಿ ಪಕ್ಕದ ಟೈಲರ್ ಮನೆಗೆ ರಜೆಗೆಂದು ಅವರ ಸೋದರಳಿಯ ಕಿರಣ ತರೀಕೆರೆಯಿಂದ ಬಂದ. ನನ್ನದೇ ವಯಸ್ಸು. ಜಾಮಿಟ್ರಿ ಬಾಕ್ಸಿನ ತುಂಬ ಕಾರ್ಡು. ಬಂದ ವಾರದಲ್ಲಿ ಜಗಲಿಯ ಮೇಲೆ ಎಲ್ಲರನ್ನೂ ಸೋಲಿಸಿಬಿಟ್ಟ. ಗೆದ್ದವರು ಸೋತವರ ಕಾರ್ಡೊಂದನ್ನು ಆರಿಸಿಕೊಳ್ಳಬಹುದು ಎಂಬ ನಿಯಮವನ್ನು ತಂದವನೂ ಅವನೇ. ತರೀಕೆರೆಯಲ್ಲಿ ಹಾಗೇ ಆಡುತ್ತಾರಂತೆ. ಪಚ್ಚಿ ಯಾರ ಮಾತೂ ಕೇಳದೆ ಅವನೆದುರು ಕೂತ. ಅರ್ಧ ಗಂಟೆಯಲ್ಲಿ ಓತಿಕ್ಯಾತ ಕಿರಣನ ಬಾಕ್ಸಿನೊಳಗೆ ಹೋಯಿತು.

ಪಚ್ಚಿ ಅಲ್ಲಿ ಅಳಲಿಲ್ಲ. ಮನೆಗೆ ಬಂದು, ಮುದ್ದೆಯ ತಟ್ಟೆಯ ಮುಂದೆ ಕೂತು, ಮೊದಲ ತುತ್ತು ಮುರಿದವನು ಹಾಗೇ ಕೈಯಲ್ಲಿ ಹಿಡಿದುಕೊಂಡು ಬಿಕ್ಕತೊಡಗಿದ. ಅಜ್ಜಿ ಬಸ್ಸಾರು ಸುರಿದಳು, ತುಪ್ಪ ಸುರಿದಳು, ಪ್ರಯೋಜನವಾಗಲಿಲ್ಲ. ನನಗೆ ಅವನ ಮೇಲೆ ಸಿಟ್ಟು, ಕಿರಣನ ಮೇಲೆ ಇನ್ನೂ ಸಿಟ್ಟು. ಭಾನುವಾರದ ಬಸ್ಸಿಗೆ ಕಿರಣ ತರೀಕೆರೆಗೆ ಹೊರಟುಬಿಡುತ್ತಾನೆ ಎಂಬುದು ನೆನಪಾದಾಗ ನನಗೂ ಊಟ ಸೇರಲಿಲ್ಲ.

ಮರುದಿನ ಸುಜಾತಾಳ ಮನೆಗೆ ಓಡಿದೆ. ಅವಳು ನನ್ನ ಕ್ಲಾಸಿನವಳು; ಅವರಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸದಲ್ಲಿದ್ದರು. ಹೊರಕೋಣೆಯಲ್ಲಿ ದೊಡ್ಡದೊಂದು ಬುದ್ಧನ ಪಟ, ಅದರ ಕೆಳಗೆ ಚಾಪೆ. ನಾವಿಬ್ಬರೂ ಓದಿಗೂ ಜಗಳಕ್ಕೂ ಕೂರುತ್ತಿದ್ದುದು ಅಲ್ಲೇ. ಹಿಂದಿನ ದಿನದ ಆಟವನ್ನು ಅವಳು ಪಚ್ಚಿಯ ಬೆನ್ನ ಹಿಂದೆಯೇ ನಿಂತು ನೋಡಿದ್ದಳು.

"ನಮ್ಗೂ ಒಂದು ದೊಡ್ಡ ಪ್ರಾಣಿ ಸಿಕ್ಕಿದ್ರೆ ಅವ್ನನ್ನ ಸೋಲಿಸ್ಬೋದು" ಅಂದೆ.

"ದೊಡ್ಡ ಪ್ರಾಣಿ ನಿನ್ ತಮ್ಮನ ಹತ್ರ ಇರ್ಲಿಲ್ವಾ? ಕೊನೇವರ್ಗೂ ಓತಿಕ್ಯಾತ ಅವನ ಕೈಯಾಗೇ ಇತ್ತು ಕಣೇ. ಇಳಿಸಕ್ಕೆ ಐದು ನೀರು ಬೇಕು, ಅವನ ಮುಂದೆ ಇದ್ದಿದ್ದು ಎರಡು. ಅವ್ನು ಸೋತಿದ್ದು ಪ್ರಾಣಿ ಇಲ್ದೆ ಅಲ್ಲ, ನೀರಿಲ್ದೆ."

ಹೇಳಿ ಅವಳು ಒಳಗೆ ಹೋಗಿ ತನ್ನ ಡಬ್ಬಿ ತಂದಳು. ಅದರ ತಳದಿಂದ ಒಂದು ಕಾರ್ಡು ತೆಗೆದು ಚಾಪೆಯ ಮೇಲಿಟ್ಟಳು. ಬೂದು ಬಣ್ಣದ, ಬೆಟ್ಟದಂಥ ಆನೆ. ಮೈಯೆಲ್ಲ ಕಲ್ಲು. ಮೂಲೆಯಲ್ಲಿ ಒಂಬತ್ತು ಎಂಬ ಅಂಕಿ. ಕಲ್ಲಾನೆ ಬೇರೆ ಹುಡುಗರಿಗೂ ಒಂದೆರಡು ಸಲ ಸಿಕ್ಕಿತ್ತು, ಆದರೆ ಒಂಬತ್ತು ನೀರು ಯಾರು ಕೂಡಿಸಿಯಾರು ಎಂದು ಬಿಸಾಡಿದ್ದರು. ಅದು ನೆಲಕ್ಕಿಳಿದದ್ದನ್ನು ಅಜ್ಜಂಪುರದಲ್ಲಿ ಯಾರೂ ನೋಡಿರಲಿಲ್ಲ.

"ಇದನ್ನ ಇಳಿಸಾಣ" ಅಂದಳು ಸುಜಾತಾ.

ನಮ್ಮ ಇಬ್ಬರ ಕಾರ್ಡುಗಳನ್ನೂ ಒಟ್ಟಿಗೆ ಸುರಿದುಕೊಂಡೆವು. ಆಮೇಲೆ ನೀರು ಕೂಡಿಸುವ ಕೆಲಸಕ್ಕೆ ಹೊರಟೆವು. ನನ್ನ ಹತ್ತಿರ ಒಂದು ಒಳ್ಳೆಯ ಹುಲಿ ಇತ್ತು. ಅದನ್ನು ಕೊಟ್ಟು ಒಂದು ಹಿಡಿ ನೀರಿನ ಕಾರ್ಡು ಕೇಳಿದಾಗ ಹುಡುಗರು ನನ್ನ ಮುಖ ನೋಡಿದರು. "ಬಿಸಿಲು ತಲೆಗೇರೈತೆ ಇವ್ಳಿಗೆ" ಎಂದು ನಕ್ಕರು. ಕೆಲವರು ಸೈಕಲ್ ಚಕ್ರದಿಂದ ಕಿತ್ತು ಕೊಟ್ಟರು. ಗ್ರೀಸ್ ಮೆತ್ತಿದ್ದ ಅವನ್ನು ಸುಜಾತಾಳ ಅಮ್ಮ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿಕೊಟ್ಟರು.

ಮೊದಲು ಕಟ್ಟಿದ ಕಟ್ಟು ಹಾಸ್ಯಾಸ್ಪದವಾಗಿತ್ತು. ಬರೀ ನೀರು, ನಡುವೆ ಒಂದು ಆನೆ. ಪರೀಕ್ಷೆಗೆಂದು ಪಚ್ಚಿಯನ್ನು ಎದುರಿಗೆ ಕೂರಿಸಿದರೆ ಅವನು ಎರಡು ಸೊಳ್ಳೆ ಕಾರ್ಡುಗಳಲ್ಲೇ ನನ್ನ ಹತ್ತು ಬೀಜವನ್ನೂ ಕಚ್ಚಿ ತೆಗೆದ. ಆನೆ ಕಟ್ಟಿನ ತಳದಲ್ಲಿ ಮಲಗಿತ್ತು. ಓತಿಕ್ಯಾತ ಹೋದ ಮೇಲೆ ಅವನು ನಕ್ಕದ್ದು ಆಗಲೇ.

"ಹೊಡ್ಸ್ಕೊಂಡು ನಿಂತ್ಕೊಳ್ಳಕ್ಕೆ ಏನಾದ್ರೂ ಬೇಕು" ಅಂದೆ.

"ಆನೇನ ಬೇಗ ಹುಡುಕಕ್ಕೂ ಬೇಕು" ಅಂದಳು ಸುಜಾತಾ.

ಹಾಗಾಗಿ ಯಾರೂ ಮೂಸಿ ನೋಡದ ಇನ್ನಷ್ಟು ಕಾರ್ಡುಗಳನ್ನು ಹುಡುಕಿದೆವು. ಬೇಲಿ ಎಂಬ ಕಾರ್ಡಿತ್ತು. ಅದು ಒಂದು ಹೊಡೆತ ತಡೆದು ಹೋಗುತ್ತಿತ್ತು. ಮೋಡ ಎಂಬುದನ್ನು ಇಳಿಸಿದರೆ ಇನ್ನೆರಡು ಕಾರ್ಡು ಎಳೆದುಕೊಳ್ಳಬಹುದಿತ್ತು. ಕೆರೆ ಇಳಿಸಿದರೆ ಅಲ್ಲಿಂದ ಮುಂದೆ ಸರದಿಗೆ ಎರಡು ನೀರು. ಯಾವುದಕ್ಕೂ ಹಲ್ಲಿಲ್ಲ, ಉಗುರಿಲ್ಲ. ಒಂದು ಬೇಲಿ ಹಾಕಿ ನೋಡುವುದು, ಒಂದು ನೀರು ತೆಗೆಯುವುದು, ಮತ್ತೆ ಆಡುವುದು. ಸುಜಾತಾಳ ಅಮ್ಮ ಒಗ್ಗರಣೆ ಮಂಡಕ್ಕಿಯ ತಟ್ಟೆ ನಮ್ಮ ನಡುವೆ ಇಟ್ಟು ಹೋಗುತ್ತಿದ್ದರು. ಅದರೊಳಗಿನ ಕಡಲೆಬೀಜವೆಲ್ಲ ಪಚ್ಚಿಯ ಪಾಲು ಎಂಬುದು ಅವನ ಸಂಬಳದ ಕರಾರು. ಶುಕ್ರವಾರದ ಹೊತ್ತಿಗೆ ಅವನು ಸತತವಾಗಿ ಸೋಲತೊಡಗಿದ್ದ. ಸೋತಷ್ಟೂ ಅವನ ಮುಖ ಅರಳುತ್ತಿತ್ತು.

ಶನಿವಾರ ಕಿರಣನ ಹತ್ತಿರ ಹೋಗಿ ಆಟಕ್ಕೆ ಕರೆದೆ. ಗೆದ್ದರೆ ಓತಿಕ್ಯಾತ ಬೇಕು ಎಂದೆ.

"ನಿನ್ನತ್ರ ಏನೈತೆ ನಂಗ್ ಕೊಡಕ್ಕೆ? ಹುಲೀನೂ ಮಾರ್ಕೊಂಡಿದೀಯಂತೆ" ಅಂದ. ಆಮೇಲೆ ಸ್ವಲ್ಪ ಯೋಚಿಸಿ, "ನಿಮ್ಮಜ್ಜಿ ಕೊಬ್ಬರಿ ಮಿಠಾಯಿ ಮಾಡೌರಂತಲ್ಲ. ಆ ಡಬ್ಬಿ ಕೊಡು. ಪೂರ್ತಿ."

ಅದು ಮಠದಿಂದ ಬರುವವರಿಗೆಂದು ಅಜ್ಜಿ ಹೊಗೆಯಲ್ಲಿ ಕೂತು ಮಾಡಿಟ್ಟ ಮಿಠಾಯಿ. ಕದಿಯುವ ಧೈರ್ಯವಿರಲಿಲ್ಲ. ನೇರವಾಗಿ ಹೋಗಿ ಕೇಳಿದೆ. ಅಜ್ಜಿ ಹಣೆಯ ವಿಭೂತಿ ಒರೆಸಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

"ಗೆಲ್ತೀಯೇನೇ?"

"ಗೊತ್ತಿಲ್ಲಜ್ಜಿ. ಆನೆ ಬಂದ್ರೆ ಗೆಲ್ತೀನಿ."

"ಮಗಾ ಒಂದ್ವಾರದಿಂದ ಸರ್ಯಾಗಿ ಉಂಡಿಲ್ಲ. ತಗೊಂಡ್ ನಡಿ, ನಾನೂ ಬತ್ತೀನಿ. ಮಠದೋರಿಗೆ ಬೇಕಾದ್ರೆ ಇನ್ನೊಂದ್ಸಲ ಮಾಡಾಣ."

ಅಂದು ಮಧ್ಯಾಹ್ನ ಜಗಲಿಯ ಮೇಲೆ ನಮ್ಮ ಬೀದಿಯ ಮಕ್ಕಳೆಲ್ಲ ಸೇರಿದ್ದರು. ಅಜ್ಜಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಂಬಕ್ಕೆ ಒರಗಿ ಕೂತಳು. ಸುಜಾತಾ ನನ್ನ ಪಕ್ಕ, ಪಚ್ಚಿ ನನ್ನ ಬೆನ್ನಿಗೆ ಅಂಟಿಕೊಂಡು.

ಕಿರಣ ಮೊದಲಿಗೇ ತೋಳ ಇಳಿಸಿದ, ಆಮೇಲೆ ಹದ್ದು. ನಾನು ನೀರು ಇಳಿಸಿದೆ. ಮತ್ತೆ ನೀರು. ಅವನು ಹೊಡೆದ, ನನ್ನ ಬೀಜ ಹೋಯಿತು. ಬೇಲಿ ಹಾಕಿದೆ, ಅದೂ ಹೋಯಿತು. ಕೆರೆ ಇಳಿಸಿದಾಗ ಹಿಂದಿನಿಂದ ಯಾರೋ "ತೋಟ ಮಾಡ್ತಾಳೇನೋ" ಅಂದರು. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಸುಜಾತಾ ಮಾತ್ರ ತುಟಿ ಕದಲಿಸದೆ ನೀರು ಎಣಿಸುತ್ತಿದ್ದಳು.

ನನ್ನ ಹತ್ತಿರ ಮೂರು ಬೀಜ ಉಳಿದಿದ್ದಾಗ ಕರೆಂಟು ಬಂತು. ಗಿರಣಿ ಗುಡುಗಿಕೊಂಡು ಶುರುವಾಯಿತು. ಜಗಲಿಯೇ ನಡುಗಿ, ಕಾರ್ಡುಗಳು ಕಲ್ಲಿನ ಮೇಲೆ ಕುಣಿಯುತ್ತಾ ಜಾರತೊಡಗಿದವು. ಒಳಗೆ ಯಾರದೋ ಮೆಣಸಿನಕಾಯಿಯ ಸರದಿ. ಕಿರಣ ಸೀನಿದ, ನಾನು ಸೀನಿದೆ, ಅಜ್ಜಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡಳು. ಮಕ್ಕಳು ಬೀದಿಗೆ ಹಾರಿ ಜಲ್ಲಿಕಲ್ಲು ಆರಿಸಿ ತಂದು ಒಂದೊಂದು ಕಾರ್ಡಿನ ಮೇಲೂ ಇಟ್ಟರು. ಆಟ ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ.

ನನ್ನ ಸರದಿ. ಎಂಟು ನೀರು ನೆಲದ ಮೇಲಿತ್ತು. ಕೈಯಲ್ಲಿ ಒಂದೇ ಒಂದು ಮೋಡ. ಆನೆ ಇನ್ನೂ ಬಂದಿರಲಿಲ್ಲ. ಕಟ್ಟಿನಿಂದ ಎಳೆದೆ, ನೀರು ಬಂತು. ಇಳಿಸಿದೆ, ಒಂಬತ್ತಾಯಿತು. ಮೋಡ ಇಳಿಸಿ ಎರಡು ಕಾರ್ಡು ಎಳೆದೆ. ಒಂದು ಬೇಲಿ. ಇನ್ನೊಂದನ್ನು ನಾನು ನೋಡುವ ಮೊದಲೇ ಬೆನ್ನಿನಿಂದ ಇಣುಕಿದ್ದ ಪಚ್ಚಿ ನನ್ನ ಭುಜವನ್ನು ಜೋರಾಗಿ ಕಚ್ಚಿದ. ಹಾಗೆ ನನಗೆ ಗೊತ್ತಾಯಿತು.

ಆನೆಯನ್ನು ಕಲ್ಲಿನ ಮೇಲಿಟ್ಟೆ. ಕಿರಣ ಮುಂದೆ ಬಗ್ಗಿದ. "ಅದು ಏನ್ ಮಾಡ್ತೈತೆ?" ಎಂದು ಕೂಗಿ ಕೇಳಿದ. ಅಡಿಯ ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ನಮ್ಮನ್ನು ಬಿಟ್ಟು ಬೇರೆ ಯಾರೂ ಓದಿರಲಿಲ್ಲ, ಅವರಿಗೆ ಬೇಕಾಗಿರಲೂ ಇಲ್ಲ. ಸುಜಾತಾ ಬೆರಳಿಟ್ಟು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಇದು ನಿಂತಿರುವಷ್ಟು ಹೊತ್ತು ಇದಕ್ಕಿಂತ ಸಣ್ಣ ಯಾವ ಪ್ರಾಣಿಯೂ ದಾಟುವಂತಿಲ್ಲ. ಒಂದು ಹೊಡೆತಕ್ಕೆ ನಾಲ್ಕು ಬೀಜ.

ಮುಂದಿನದೆಲ್ಲ ಬೇಗ ಮುಗಿಯಿತು. ತೋಳ, ಹದ್ದು ಎರಡೂ ಆನೆಯ ಮುಂದೆ ಸುಮ್ಮನೆ ನಿಂತವು. ಮೂರನೇ ಹೊಡೆತಕ್ಕೆ ಕಿರಣನ ಕೊನೆಯ ಎರಡು ಬೀಜಗಳನ್ನು ಅವನೇ ಎತ್ತಿ ನನ್ನ ಕಡೆ ಸರಿಸಿದ. ಆಮೇಲೆ ಕೈಯಲ್ಲಿದ್ದ ಕಾರ್ಡುಗಳನ್ನು ಚಿತ್ರ ಮೇಲಾಗುವಂತೆ ಹರಡಿ ಇಟ್ಟ. ಓತಿಕ್ಯಾತ ಅಲ್ಲೇ ಇತ್ತು. ಅವನ ಮುಂದೆ ನೆಲದ ಮೇಲೆ ನಾಲ್ಕೇ ನೀರು.

"ಇನ್ನೊಂದು ನೀರು ಬಂದಿದ್ರೆ" ಅಂದ. ಓತಿಕ್ಯಾತವನ್ನು ಪಚ್ಚಿಯ ಕೈಗೇ ಕೊಟ್ಟ. ಆಮೇಲೆ ಸಂಕೋಚದಿಂದ ಸುಜಾತಾಳನ್ನು ಕೇಳಿದ: "ಆ ಆನೇನ ಒಂಚೂರು ಕೈಗ್ ಕೊಡ್ತೀಯಾ? ನೋಡಿ ಕೊಡ್ತೀನಿ."

ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದಾಗ ಅಜ್ಜಿ ಡಬ್ಬಿಯ ಮುಚ್ಚಳ ತೆಗೆದಳು. ಮೊದಲ ತುಂಡನ್ನು ಕಿರಣನಿಗೇ ಕೊಟ್ಟಳು. "ತಿನ್ನಪ್ಪಾ, ಸೋತೋರ್ಗೆ ಹಸಿವು ಜಾಸ್ತಿ" ಅಂದಳು. ಏಲಕ್ಕಿಯ ಘಮ, ಮೆಣಸಿನ ಘಾಟು ಎರಡೂ ಬೆರೆತ ಆ ಗಾಳಿಯಲ್ಲಿ ಸೀನುತ್ತಾ, ತಿನ್ನುತ್ತಾ, ಡಬ್ಬಿ ಖಾಲಿ ಮಾಡಿದೆವು. ಮನೆಗೆ ಹೋಗುವಾಗ ಪಚ್ಚಿ ನನ್ನ ಕೈ ಜಗ್ಗಿ, "ಅಕ್ಕಾ, ನಂಗೂ ಒಂದಷ್ಟು ನೀರ್ ಕೊಡೇ" ಅಂದ.

ಮರುದಿನದಿಂದ ಊರಿನ ಸೈಕಲ್ಲುಗಳ ಪಟಪಟ ಸದ್ದು ನಿಂತುಹೋಯಿತು. ಯಾರೂ ಹಿಡಿ ನೀರನ್ನು ಹುಲಿಗೆ ಕೊಡುತ್ತಿರಲಿಲ್ಲ. ಎರಡು ಹುಲಿಗೂ ಕೊಡುತ್ತಿರಲಿಲ್ಲ. ಜೂನ್ ಬಂತು, ಶಾಲೆ ತೆರೆಯಿತು. ಪೊಟ್ಟಣಗಳಲ್ಲಿ ಕಾರ್ಡಿನ ಬದಲು ಪ್ಲಾಸ್ಟಿಕ್ ಬುಗುರಿ ಬರತೊಡಗಿತು. ಕಟ್ಟುಗಳು ಯಾವಾಗ ಎಲ್ಲಿ ಕಳೆದವೆಂದು ಯಾರಿಗೂ ತಿಳಿಯಲಿಲ್ಲ.

ಹೋದ ತಿಂಗಳು ಕಡೂರಿನಲ್ಲಿ ಬಸ್ಸು ಹತ್ತಿದಾಗ ಕಿಟಕಿಯ ಪಕ್ಕ ಸುಜಾತಾ ಕೂತಿದ್ದಳು. ಈಗ ಅವಳು ನರ್ಸ್. ಆಸ್ಪತ್ರೆಯಿಂದ ರಜೆಯ ಮೇಲೆ ಅಮ್ಮನನ್ನು ನೋಡಲು ಹೊರಟಿದ್ದಳು. ಬೀರೂರು ಬರುವುದರೊಳಗೆ ಮಾತು ಆ ಬೇಸಿಗೆಗೆ ತಿರುಗಿತ್ತು. ತನ್ನ ಮಗಳಿಗೆ ಆ ಆಟ ಕಲಿಸಬೇಕೆಂದು ರಟ್ಟಿನಲ್ಲಿ ಕಾರ್ಡು ಕತ್ತರಿಸಿಟ್ಟಿದ್ದಾಳಂತೆ.

"ಮೊದ್ಲು ಎಷ್ಟು ಕಾರ್ಡು ಕೈಲಿ ಹಿಡ್ಕೊಂಡು ಶುರು ಮಾಡ್ತಿದ್ವಿ ಕಣೇ? ಐದೋ, ಏಳೋ?" ಎಂದು ಕೇಳಿದಳು.

ಐದು ಎಂದೆ. ಏಳು ಎಂದಳು. ಕಟ್ಟು ಮುಗಿದುಹೋದರೆ ಏನಾಗುತ್ತಿತ್ತು? ಹೊಡೆದ ಪ್ರಾಣಿ ಮರುಸರದಿಗೆ ಮಲಗಬೇಕಿತ್ತೋ ಇಲ್ಲವೋ? ಇಬ್ಬರೂ ಬೆರಳು ಮಡಚುತ್ತಾ ಜಗಳವಾಡಿದೆವು. ಪಚ್ಚಿಗೆ ಫೋನ್ ಮಾಡಿದೆವು. ಅವನು ಮೂರನೆಯದೇ ಒಂದು ಉತ್ತರ ಹೇಳಿದ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕೆವು. ಆ ಜಗಲಿಯ ಬಿಸಿಲು, ವಾಸನೆ, ಯಾರು ಎಲ್ಲಿ ಕೂತಿದ್ದರು ಎಂಬುದೆಲ್ಲ ನೆನಪಿದೆ. ಆಡುವುದು ಹೇಗೆಂಬುದು ಮಾತ್ರ ಹೋಗಿಬಿಟ್ಟಿದೆ. ಅದನ್ನು ಪೂರ್ತಿ ಬಲ್ಲವರು ಆಗಿನ ನಮ್ಮ ಬೀದಿಯ ಮಕ್ಕಳು. ಆ ಮಕ್ಕಳು ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಇರುವವರು ದೊಡ್ಡವರಾದ ನಾವು ಮಾತ್ರ.